ತೂಗುಗುಂಡಿನ ಸಂದು

ನಾಗಪ್ಪ, ಅಂದು ನೀವು ಯಂತ್ರವನ್ನು ಅಲ್ಲಾಡಿಸಿರಲಿಲ್ಲ. ತಪ್ಪು ನಾನು ಮಾಡಿ ಕೂರಿಸಿದ ಭಾಗದ್ದು. ಮರುದಿನವೇ ನನಗೆ ಅದು ಗೊತ್ತಾಯಿತು — ಗೊತ್ತಾಗಿಯೂ ಸುಮ್ಮನಿದ್ದೆ.

ಇದನ್ನು ಬರೆಯಲು ಕೂತದ್ದು ಸೋಮವಾರ ಬೆಳಿಗ್ಗೆ ಆರಕ್ಕೆ, ಸ್ನಾನ ಪೂಜೆ ಮುಗಿಸಿ. ಹಾಜರಿರುವವರು ನಾನು ಮತ್ತು ನನ್ನ ಹೆಂಡತಿ ಪದ್ಮಾವತಿ.

ಶಹಾಬಾದದಲ್ಲಿ ನಮ್ಮ ಕಾರ್ಖಾನೆಯ ಕ್ಲಬ್ಬಿನಲ್ಲಿದ್ದ ಪಿನ್‌ಬಾಲ್ ಯಂತ್ರ ನಿಮಗೆ ಮರೆತಿರಲಾರದು. ಉಕ್ಕಿನ ಗುಂಡನ್ನು ಚಿಮ್ಮಿಸಿ, ಎರಡು ಪುಟ್ಟ ತೋಳುಗಳಿಂದ ಹೊಡೆದು ಕೆಳಗೆ ಬೀಳದಂತೆ ಕಾಯುವ ಆಟ. ಮುಂಬೈಯಿಂದ ಯಾವ ಕಾಲದಲ್ಲೋ ಬಂದು, ಕೆಟ್ಟು, ಕೇರಂ ಬೋರ್ಡುಗಳ ಹಿಂದೆ ಬಿದ್ದಿತ್ತು. ತೊಂಬತ್ತರ ದಶಕದಲ್ಲಿ ನಾನು ವಿದ್ಯುತ್ ವಿಭಾಗದ ಮೇಲ್ವಿಚಾರಕನಾಗಿದ್ದಾಗ ಅದಕ್ಕೆ ಜೀವ ಕೊಟ್ಟೆ. ಬಿಡಿಭಾಗ ಎಲ್ಲಿಯೂ ಸಿಗುತ್ತಿರಲಿಲ್ಲ. ಸುಟ್ಟ ಕಾಯಿಲ್‌ಗಳಿಗೆ ತಂತಿಯನ್ನು ನಾನೇ ಸುತ್ತಿದೆ. ರಬ್ಬರ್ ಬಳೆಗಳನ್ನು ಸೈಕಲ್ ಟ್ಯೂಬಿನಿಂದ ಕತ್ತರಿಸಿದೆ. ಆಟದ ಗುಂಡು ಹಳೆಯ ಬೇರಿಂಗಿನದು. ಮೊದಲ ಸಲ ದೀಪಗಳೆಲ್ಲ ಹತ್ತಿ ಗಂಟೆ ಮೊಳಗಿದ ಕ್ಷಣ — ಇಂದಿಗೂ ಎದೆ ಉಬ್ಬುತ್ತದೆ. ಆ ಹೆಮ್ಮೆಯನ್ನು ನಾನು ಎಂದೂ ಮುಚ್ಚಿಡಲಿಲ್ಲ, ಮುಚ್ಚಿಟ್ಟದ್ದು ಬೇರೆ.

ಯಂತ್ರವನ್ನು ಜಗ್ಗಿ ಗುಂಡಿನ ದಾರಿ ತಪ್ಪಿಸುವವರನ್ನು ಹಿಡಿಯಲು ಒಳಗೊಂದು ಲೋಹದ ಬಳೆ, ಅದರ ನಡುವೆ ಒಂದು ತೂಗುಗುಂಡು ಇರುತ್ತದೆ. ಅಲುಗಿ ಬಳೆಗೆ ತಗುಲಿದರೆ ಕೆಂಪು ದೀಪ, ಆಟ ಬಂದ್. ಎರಡೂ ತುಕ್ಕು ಹಿಡಿದು ಹೋಗಿದ್ದವು. ಬಳೆಯನ್ನು ತಾಮ್ರದ ಪೈಪಿನಿಂದ ಕತ್ತರಿಸಿದೆ. ಗೌಂಡಿಯೊಬ್ಬನ ತೂಗುಗುಂಡನ್ನು ಉಜ್ಜಿ ಸಣ್ಣದು ಮಾಡಿದೆ. ಯಾರೂ ಮೋಸ ಮಾಡಬಾರದೆಂದು ಎರಡರ ನಡುವಿನ ಸಂದನ್ನು ತೀರ ಕಡಿಮೆ ಇಟ್ಟೆ. ನನ್ನ ರೂಢಿಯಂತೆ ಭಾನುವಾರವೇ ಪರೀಕ್ಷೆ ಮಾಡಿದೆ. ಭಾನುವಾರ ಪಕ್ಕದ ಕಲ್ಲುಗಣಿಗೂ ರಜೆ — ಅದು ಹೊಳೆಯಲಿಲ್ಲ.

ಆ ವಾರ ಕ್ಲಬ್ಬಿನಲ್ಲಿ ನಡೆದ ಪಿನ್‌ಬಾಲ್ ಸ್ಪರ್ಧೆಯ ಕೊನೆಯ ಆಟ ಶುಕ್ರವಾರ ಮಧ್ಯಾಹ್ನ. ಕ್ರಷರ್ ವಿಭಾಗದ ನೀವು ಇನ್ನೇನು ಗೆಲ್ಲುವುದರಲ್ಲಿದ್ದಿರಿ. ಕೆಂಪು ದೀಪ ಹತ್ತಿತು.

"ರಾಯರ, ನಾ ಅಲ್ಲಾಡ್ಸಿಲ್ರಿ. ಮಷಿನ್ ನೀವು ಮಾಡಿದ್ದು, ನೀವೇ ಹೇಳ್ರಿ," ಎಂದಿರಿ.

"ನನ್ನ ಮಷಿನ್ ಸುಳ್ಳ ಹೇಳಂಗಿಲ್ಲ, ನಾಗಪ್ಪ," ಎಂದೆ. ಎಲ್ಲರ ಮುಂದೆ.

ಮರುದಿನ ಯಂತ್ರ ತೆರೆದು ಒರೆಸುತ್ತಿದ್ದೆ. ಗಣಿಯ ಎಚ್ಚರಿಕೆಯ ಭೋಂಗಾ ಕೂಗಿತು, ಕಲ್ಲು ಸಿಡಿಸುವ ಬ್ಲಾಸ್ಟಿಂಗ್ ಆಯಿತು. ನಮ್ಮೂರಲ್ಲಿ ಆ ಸದ್ದಿಗೆ ಯಾರು ತಲೆ ಎತ್ತುತ್ತಾರೆ? ಬಸಿಯಲ್ಲಿನ ಚಹಾ ನಡುಗಿದರೂ ಮಾತು ನಿಲ್ಲುವುದಿಲ್ಲ. ಆದರೆ ತೂಗುಗುಂಡು ನನ್ನ ಕಣ್ಣೆದುರೇ ನಡುಗಿ ಬಳೆಗೆ ತಾಗಿತು. ಕೆಂಪು ದೀಪ. ಹಿಂದಿನ ದಿನ ನಿಮ್ಮ ಆಟ ನಿಂತದ್ದೂ ಅದೇ ಹೊತ್ತಿಗೆ —

ಸಂದನ್ನು ಅಗಲ ಮಾಡಿದೆ. ಮುಚ್ಚಿದೆ. ಕೈ ತೊಳೆದುಕೊಂಡೆ.

ಮಂದಿ ನಿಮಗೆ ಜಗ್ಗಪ್ಪ ಎಂದು ಹೆಸರಿಟ್ಟರು. ನೀವು ಕ್ಲಬ್ಬಿಗೆ ಬರುವುದನ್ನೇ ಬಿಟ್ಟಿರಿ. ನಿವೃತ್ತಿಯ ದಿನ ಹಾರ ಹಾಕಿಸಿಕೊಳ್ಳಲೂ ಬರದೆ ನಿಮ್ಮೂರು ಕುರಕುಂಟಾಕ್ಕೆ ಹೋದಿರಿ. ನಿನ್ನೆಯೂ ಚಹಾದ ಹೋಟೆಲಿನಲ್ಲಿ, ಆಗ ಉಗ್ರಾಣ ನೋಡಿಕೊಳ್ಳುತ್ತಿದ್ದ ಖಾದರ್ ಯಾರಿಗೋ ಹೇಳುತ್ತಿದ್ದ: "ನಾವ್ ಜಗ್ಗಪ್ಪಗ ಅಂತಿದ್ವಿ, ಬಸಿ ಅಲ್ಲಾಡಸಬ್ಯಾಡೋ, ಚಹಾ ಬಂದ್ ಆಗ್ತದ!" ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನನ್ನ ಆ ನಗುವನ್ನು ನೆನೆದರೆ ನನಗೇ ಸಹಿಸಲಾಗಲಿಲ್ಲ.

ಇಷ್ಟು ಬರೆದು ಪದ್ಮಾವತಿಗೆ ಓದಿ ಹೇಳಿದೆ. "ಮಾತಾಡಿದ್ದು ಮಂದಿ ಮುಂದ, ತಿರುಗಿ ತಗೋಳೋದು ಮನ್ಯಾಗ ಕುಂತೇನ್ರಿ?" ಎಂದಳು.

ಹತ್ತು ಗಂಟೆಗೆ ಹೋಟೆಲಿಗೆ ಹೋಗಿ, ನಿಂತುಕೊಂಡೇ ಎಲ್ಲವನ್ನೂ ಗಟ್ಟಿಯಾಗಿ ಓದಿದೆ. ಖಾದರ್ ಕಪ್ಪು ಕೆಳಗಿಟ್ಟ. "ಅಂದ್ರ ಇಷ್ಟು ವರ್ಷ ನಾ ಸುಳ್ಳಿಗೇ ನಗಸ್ಲಿಕತ್ತಿದ್ದೇನ್ರಿ ರಾಯರ?"

"ಹೌದಪ್ಪ. ಸುಳ್ಳು ನಂದು."

ಅಲ್ಲಿಯ ಕೆಲಸ ಮುಗಿಯಿತು. ಈ ಸಾಲುಗಳನ್ನು ಸೇಡಂ ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಅಕ್ಷರಗಳು ಸೊಟ್ಟಗಾಗಿವೆ, ಕ್ಷಮಿಸಿ. ಪಕ್ಕದಲ್ಲಿ ಖಾದರ್ ಕೂತಿದ್ದಾನೆ. ತನ್ನ ಪಾಲಿನ ತಪ್ಪನ್ನು ತಾನೇ ಹೇಳುತ್ತಾನಂತೆ. ಸೇಡಂನಲ್ಲಿ ಬಸ್ಸು ಬದಲಿಸಿ, ಕುರಕುಂಟಾದಲ್ಲಿ ಇಳಿದು ಈ ಹಾಳೆಗಳನ್ನು ನಿಮ್ಮ ಕೈಗೇ ಕೊಡುತ್ತೇನೆ. ನಿಮ್ಮೂರಿನ ಕಟ್ಟೆಯ ಮೇಲೆ ನಿಂತು ಓದು ಎಂದರೆ ಓದುತ್ತೇನೆ. ಬಾಗಿಲು ಹಾಕಿಕೊಂಡರೆ — ಹಾಕಿಕೊಳ್ಳಿ, ಅದು ನಿಮ್ಮ ಹಕ್ಕು. ಹೊರಗೆ ನಿಂತೇ ಹೇಳುತ್ತೇನೆ.