ಶರಣಮ್ಮನ ಆರನೇ ಮನೆ

ಪುಣೆಯ ಮಗರಪಟ್ಟಾದ ಐದು ಮನೆಗಳಲ್ಲಿ ಪಾತ್ರೆ ತಿಕ್ಕಿದ ಮೇಲೆ ನಮ್ಮ ಶರಣಮ್ಮ ಸೆರಗಿಗೆ ಕೈ ಒರೆಸಿಕೊಂಡು ಮನೆಗೆಲಸದವರ ಸಂಘದ ಅಧ್ಯಕ್ಷೆಯಾಗುತ್ತಾಳೆ. ವಾರಕ್ಕೊಂದು ರಜೆ ಬೇಕೆಂಬುದು ಸಂಘದ ಅರ್ಜಿ. ಕೂಡದೆನ್ನುವುದು ಮನೆಮಾಲೀಕರ ವಸತಿ ಸೊಸೈಟಿಗಳ ಒಕ್ಕೂಟ. ಒಕ್ಕೂಟದವರು ಶಾಲು, ಹಾರ ಹಿಡಿದು ಕಾರ್ಮಿಕ ಮಂತ್ರಿಯ ಮನೆಗೆ ಹೋದರೆಂದು ಯಾರಾದರೂ ಗಾಬರಿಪಟ್ಟರೆ, "ಹೋಗ್ಲಿ ಬಿಡ್ರಿ, ಅವರು ಮುಂದಿನ ಬಾಗಿಲಿಂದ ಒಮ್ಮೆ ಹೋಗ್ತಾರ, ನಮ್ಮವರು ಹಿಂದಿನ ಬಾಗಿಲಿಂದ ದಿನಾ ಹೋಗ್ತಾರ" ಎನ್ನುತ್ತಾಳೆ. ಅಲ್ಲಿನ ಅಡುಗೆಯವಳ ಕೈಯಲ್ಲಿ ಚಹಾದ ಜೊತೆ ಮೂರು ವರ್ಷ ಅದೇ ಅರ್ಜಿ ಮಂತ್ರಿಯ ಮುಂದೆ ಬಂತು. ಕಡೆಗೂ ನಿಯಮವಾಯಿತು. ಮೊದಲ ರಜೆಯ ದಿನ ನಾನು ಹೋದಾಗ ಶರಣಮ್ಮ ಹೊಸ್ತಿಲ ಹೊರಗೆ ಕಾಲು ಚಾಚಿ ಕೂತಿದ್ದಳು. ಒಳಗೆ ಗಂಡ ಗುರಣ್ಣ ಪಾತ್ರೆ ತಿಕ್ಕುತ್ತಿದ್ದ. "ಸರಕಾರ ಐದು ಮನಿಗೆ ರಜಾ ಕೊಟ್ಟದ್ರಿ ಅಕ್ಕಾರ," ಎಂದು ನಕ್ಕಳು, "ಆರನೇದು ನಾನೇ ಸೇರಿಸೀನಿ."