ನಾಲ್ಕು ಕುಂಕುಮದ ಬೊಟ್ಟು

ಜಾಹೀರಾತಿನ ವಾಕ್ಯ ನನ್ನದೇ. ‘ಹಳೆಯ ಜಪಾನ್ ಬಾಸ್ ಗಿಟಾರ್ ಮಾರಾಟಕ್ಕಿದೆ. ಒರಿಜಿನಲ್ ಪಿಕಪ್. ಒಂದು ಸ್ಕ್ರೂ ಕೂಡ ಬದಲಾಯಿಸಿಲ್ಲ.’ ಪಕ್ಕದ ಮನೆಯ ಟೀಚರ್ ಅದನ್ನು ಫೋಟೋ ಸಮೇತ ತಮ್ಮ ಫೋನಿನಲ್ಲಿ ಹಾಕಿಕೊಟ್ಟರು. ಮಾರನೆಯ ಬೆಳಿಗ್ಗೆ ಮೊದಲ ಕರೆ ಬಂದದ್ದು ಜವನಗೊಂಡನಹಳ್ಳಿಯಿಂದ.

“ಅಮ್ಮಾರೆ, ಪಿಕಪ್ ಐತೆ ಅಂತ ಹಾಕೀರಲ್ಲ, ಎಷ್ಟು ಕಿಲೋಮೀಟ್ರು ಓಡೈತೆ?”

“ಅದು ಓಡೋದಲ್ಲಪ್ಪ. ಗಿಟಾರಿನಲ್ಲಿ ಇರೋದು.”

“ಗಿಟಾರ್ ತಗಂಡು ಏನ್ಮಾಡ್ಲಿ? ನಮಗೆ ಈರುಳ್ಳಿ ಹೊರಾಕೆ ಗಾಡಿ ಬೇಕಾಗಿತ್ತು.”

ನಮ್ಮ ಯಜಮಾನರು ಇದ್ದಿದ್ದರೆ ಈ ಮಾತನ್ನು ವಾರವಿಡೀ ಹೇಳಿಕೊಂಡು ನಗುತ್ತಿದ್ದರು. ಅವರು ಹೋಗಿ ಎರಡು ವರ್ಷ. ಹಗಲು ದುರ್ಗದಲ್ಲಿ ಸರ್ಕಾರಿ ಗುಮಾಸ್ತರು, ಸಂಜೆ ಆರ್ಕೆಸ್ಟ್ರಾದಲ್ಲಿ ಬಾಸ್ ಗಿಟಾರ್. ಗಣಪತಿ ಹಬ್ಬದ ತಿಂಗಳಲ್ಲಿ ಹೊಳಲ್ಕೆರೆ, ಹಿರಿಯೂರು, ಹೊಸದುರ್ಗ ಎಲ್ಲಾ ಕಡೆ ಅವರ ಪ್ರೋಗ್ರಾಂ. ಪಿಕಪ್ ಎಂದರೆ ಏನೆಂದು ನನಗೆ ತಿಳಿಸಿದವರೂ ಅವರೇ. ತಂತಿಗಳ ಕೆಳಗೆ ಕೂತಿರುವ ಒಂದು ಕಪ್ಪು ಪಟ್ಟಿ, ಒಳಗೆ ಅಯಸ್ಕಾಂತ, ಅದರ ಸುತ್ತ ಸಾವಿರಾರು ಸುತ್ತು ತಾಮ್ರದ ತಂತಿ. ಬೆರಳು ಮೀಟಿದ್ದನ್ನು ಸ್ಪೀಕರಿಗೆ ಮುಟ್ಟಿಸುವುದು ಅದೇ. ಪಟ್ಟಿಯ ಮೇಲೆ ತಂತಿಗೊಂದರಂತೆ ನಾಲ್ಕು ಉಕ್ಕಿನ ಗುಂಡುಗಳು. ನನ್ನ ಕಣ್ಣಿಗೆ ಅವು ನಾಲ್ಕು ಹಣೆಗಳ ಹಾಗೆ ಕಾಣುತ್ತಿದ್ದವು.

ಹಾಗೆ ಕಂಡದ್ದರಿಂದಲೇ ಎಲ್ಲವೂ ಆಯಿತು. ಕಾನ್ವೆಂಟಿನಲ್ಲಿ ಓದಿದ ಸೊಸೆಗೆ ಪೂಜೆ ಪುನಸ್ಕಾರ ಬರುವುದಿಲ್ಲ ಎಂದು ಅತ್ತೆಯವರ ಕೊರಗು. ಅದಕ್ಕೇ ಆಯುಧಪೂಜೆಯನ್ನು ನಾನು ಹಟದಿಂದ ಮಾಡುತ್ತಿದ್ದೆ. ಸ್ಕೂಟರ್ ಕೀ, ಹೊಲಿಗೆ ಮೆಷಿನ್ನು, ಕತ್ತರಿ, ಕೊನೆಗೆ ಗಿಟಾರ್. ಕುಂಕುಮವನ್ನು ನೀರಿನಲ್ಲಿ ಕಲೆಸಿ, ಆ ನಾಲ್ಕು ಹಣೆಗೂ ಧಾರಾಳವಾಗಿ ಇಡುತ್ತಿದ್ದೆ. ಯಜಮಾನರು ಪಕ್ಕದಲ್ಲಿ ನಿಂತು ಕೈಮುಗಿಯುತ್ತಿದ್ದರು.

ಒಂದು ವರ್ಷ ಆ ಪಟ್ಟಿಯ ಮೇಲೆ ಫಳಫಳ ಹೊಳೆಯುವ ಸ್ಟೀಲಿನ ಮುಚ್ಚಳ ಬಂದಿತ್ತು. “ಧೂಳು ಕೂರ್ತದೆ ಅಂತ ಹಾಕಿಸ್ದೆ. ಇನ್ಮೇಲೆ ಇದಕ್ಕೇ ಇಡು,” ಎಂದರು. Fashion ಇರಬೇಕು ಎಂದುಕೊಂಡು ಮುಚ್ಚಳದ ಮೇಲೇ ನಾಲ್ಕು ಬೊಟ್ಟು ಇಟ್ಟೆ.

ಮುಂದಿನ ಗಣಪತಿಗೆ ಹೊಳಲ್ಕೆರೆಯಲ್ಲಿ ಮುಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಕೇಳಿದೆ. ಬಾಸಿನ ದಪ್ಪ ನಾದ ತೆಳುವಾಗಿತ್ತು. ನೀರು ಬೆರೆಸಿದ ಹಾಲಿನ ಹಾಗೆ. ಕಾನ್ವೆಂಟಿನಲ್ಲಿ ಸಿಸ್ಟರ್ ನನಗೆ ಪಿಯಾನೋ ಕಲಿಸುವಾಗ “you have a good ear, child” ಎಂದಿದ್ದರು. ಜೀವನದಲ್ಲಿ ನನಗೆ ಸಿಕ್ಕ ಒಂದೇ ಸರ್ಟಿಫಿಕೇಟ್ ಅದು. ಅದನ್ನು ಎಲ್ಲೆಂದರಲ್ಲಿ ತೋರಿಸುವ ಚಟ ನನಗೆ. ವ್ಯಾನಿನಲ್ಲಿ ಬರುವಾಗ ಹೇಳಿಯೇಬಿಟ್ಟೆ.

“ರೀ, your touch is gone. ಬೆರಳಲ್ಲಿ ಶಕ್ತೀನೇ ಇಲ್ಲ.”

“ವಯಸ್ಸಾಯ್ತಲ್ಲೇ,” ಎಂದರು, ಅಷ್ಟೆ.

ಮರುವರ್ಷವೂ ಹೇಳಿದೆ. ಅದರ ಮರುವರ್ಷ ಅವರು ಆರ್ಕೆಸ್ಟ್ರಾಕ್ಕೆ ಹೋಗಲಿಲ್ಲ. ಗಿಟಾರ್ ಮಂಚದ ಕೆಳಗೆ ಸೇರಿತು. ದಸರೆಗೊಮ್ಮೆ ಹೊರಬಂದು ಬೊಟ್ಟು ಇಡಿಸಿಕೊಂಡು ಮತ್ತೆ ಒಳಗೆ.

ಜಾಹೀರಾತು ನೋಡಿ ನಿಜವಾಗಿ ಬಂದವರು ಹೊಸದುರ್ಗದ ಒಬ್ಬ ಕೊಬ್ಬರಿ ವ್ಯಾಪಾರಿ. ಹಳೆಯ ಗಿಟಾರ್ ಕೂಡಿಹಾಕುವುದು, ಒಂದರ ಪಕ್ಕ ಒಂದಿಟ್ಟು ನುಡಿಸಿ ನೋಡುವುದು, ಮನಸ್ಸಿಗೆ ಹಿಡಿಸದ್ದನ್ನು ಮಾರುವುದು ಅವರ ಹುಚ್ಚು. ತೆಂಗಿನಕಾಯಿ ಬಡಿದು ನೋಡುವ ಹಾಗೆ ಬೆರಳ ಗೆಣ್ಣಿನಿಂದ ಮರವನ್ನು ಬಡಿದು ತಲೆದೂಗಿದರು. ತಾವೇ ತಂದಿದ್ದ ಪುಟ್ಟ ಸ್ಪೀಕರಿಗೆ ಜೋಡಿಸಿ ಒಂದು ಸ್ವರ ಮೀಟಿದರು. ಮುಖ ಸಣ್ಣದಾಯಿತು. ಸ್ಟೀಲಿನ ಮುಚ್ಚಳದ ಸ್ಕ್ರೂ ಬಿಚ್ಚಿದರು.

“ಮೇಡಂ, ಪಿಕಪ್ಪು ಇದ್ರದ್ದಲ್ಲ.”

“ನಮ್ಮ ಯಜಮಾನ್ರು ಸುಳ್ಳು ಹೇಳೋರಲ್ಲ.”

“ಸುಳ್ಳು ಅಂತ ನಾನೆಲ್ಲಿ ಅಂದೆ? ಬಾಸಿಗೆ ನಾಕು ತಂತಿ, ನಾಕು ಗುಂಡು. ಇದ್ರಾಗೆ ಆರು ಅವೆ ನೋಡ್ರಿ. ಯಾವುದೋ ಬ್ಯಾರೆ ಗಿಟಾರಿಂದು.”

ಮುಚ್ಚಳದ ಒಳಗೆ ಹಿರಿಯೂರಿನ ರೇಡಿಯೋ ರಿಪೇರಿ ಅಂಗಡಿಯೊಂದರ ಚೀಟಿ ಅಂಟಿತ್ತು. ‘ಒಂದು ಸ್ಕ್ರೂ ಕೂಡ ಬದಲಾಯಿಸಿಲ್ಲ’ ಎಂದು ಯಜಮಾನರು ಹೆಮ್ಮೆಯಿಂದ ಹೇಳುತ್ತಿದ್ದುದು ನಿಜ. ಯಾವಾಗಿನಿಂದಲೋ ಹೇಳುವುದನ್ನು ಬಿಟ್ಟಿದ್ದರು, ನಾನು ಗಮನಿಸಿರಲಿಲ್ಲ. ನನ್ನ ಮುಖ ನೋಡಿ ವ್ಯಾಪಾರಿ, “ನಡೀರಿ ಮೇಡಂ, ಗಾಡಿ ಐತೆ, ಹೋಗಿ ಕೇಳೇ ಬಿಡಾಣ,” ಎಂದರು.

ಹಿರಿಯೂರಿನ ಅಂಗಡಿಯಲ್ಲಿ ಈಗ ಮಿಕ್ಸಿ, ಮೊಬೈಲ್ ಚಾರ್ಜರುಗಳ ರಾಶಿ. ರಿಪೇರಿಯವರಿಗೂ ನನ್ನಷ್ಟೇ ವಯಸ್ಸು. ಗಿಟಾರ್ ನೋಡಿದವರೇ ಒಂದು ಬಿಸ್ಕತ್ ಡಬ್ಬಿ ತೆಗೆದು, ಕಾಗದದಲ್ಲಿ ಸುತ್ತಿದ್ದ ಪಿಕಪ್ ಹೊರಗಿಟ್ಟರು. ನಾಲ್ಕು ಹಣೆ. ಗುಂಡುಗಳ ಸುತ್ತ ಇನ್ನೂ ಕೆಂಪು.

“ಕುಂಕುಮ ಇಡ್ತಿದ್ದೋರು ನೀವೇನಾ ಅಮ್ಮಾರೆ? ಕುಂತ್ಕಳ್ರಿ. ನೀರು ಒಳಗಿಳಿದು ತಂತಿ ತಿಂದಾಕಿತ್ತು. ಕೂದ್ಲಿಗಿಂತ ಸಣ್ಣ ತಂತಿ ಅದು. ಮನೇಲಿ ಇಡಬ್ಯಾಡ ಅಂತ ಹೇಳ್ರಿ ಸಾರ್ ಅಂದೆ. ‘ಬ್ಯಾಡ, ಆಕೆ ನೊಂದ್ಕಂತಾಳೆ. ಸದ್ಯಕ್ಕೆ ಇರೋದು ಯಾವುದಾದ್ರೂ ಕೂರ್ಸು, ಮ್ಯಾಲೊಂದು ಮುಚ್ಚಳ ಹಾಕು, ಅದಕ್ಕೆ ಇಟ್ಕಳ್ಲಿ’ ಅಂದ್ರು.”

“ಇದನ್ನ ಸರಿ ಮಾಡೋಕೆ ಆಗಲಿಲ್ವಾ?”

“ಆಯ್ತಲ್ಲ. ಹೊಸ ತಂತಿ ತರಿಸಿ ಸುತ್ತಾಕೆ ಭಾಳ ದಿನ ಹಿಡೀತು. ಫೋನ್ ಮಾಡ್ದೆ. ‘ಇನ್ಯಾಕಪ್ಪ, ನುಡಿಸೋದು ಬಿಟ್ಟೀನಿ, ಕೈ ಸೋತೈತೆ’ ಅಂದ್ರು. ಕೈಯಲ್ಲ ಸಾರ್, ಅದು ಪಿಕಪ್ಪು ಅಂದೆ. ‘ನಾನೂ ಹಂಗೇ ಅನ್ಕಂಡಿದ್ದೆ. ಆದ್ರೆ ಆಕೇದು ಕಾನ್ವೆಂಟ್ ಕಿವಿ, ತಪ್ಪಲ್ಲ’ ಅಂದ್ರು.”

ವ್ಯಾಪಾರಿ ಮೊದಲು ಆರು ಗುಂಡಿನದರಲ್ಲಿ ಒಂದು ಸ್ವರ ಮೀಟಿದರು. ರಿಪೇರಿಯವರು ಅದನ್ನು ತೆಗೆದು ಹಳೆಯದನ್ನು ಬೆಸುಗೆ ಹಾಕಿ ಕೂರಿಸಿದರು. ಅದೇ ಸ್ವರ, ಅದೇ ಬೆರಳು. ಡಬ್ಬಿಯಲ್ಲಿದ್ದ ಸ್ಕ್ರೂಗಳು ಗುಂಯ್ ಎಂದವು. ಚಪ್ಪಲಿಯ ಕೆಳಗೆ ನೆಲ ನಡುಗಿತು. ಹಿಂದೆಲ್ಲ ಹೊಳಲ್ಕೆರೆಯ ಪೆಂಡಾಲಿನಲ್ಲಿ ಕುರ್ಚಿಯ ಕಾಲುಗಳು ನಡುಗುತ್ತಿದ್ದವಲ್ಲ, ಹಾಗೆ.

“ಎರಡ್ರಾಗೆ ಯಾವುದು ಮೇಡಂ?”

“ಎರಡನೇದು,” ಎಂದೆ. ಆಮೇಲೆ ಯಾರಿಗೆಂದು ತಿಳಿಯದೆ, “It was not his fingers,” ಎಂದೆ. ಇಬ್ಬರೂ ತಲೆತಗ್ಗಿಸಿ ಸ್ಕ್ರೂ ಹುಡುಕುವವರಂತೆ ಇದ್ದರು.

ಗಿಟಾರ್ ವ್ಯಾಪಾರಿಗೇ ಕೊಟ್ಟೆ. ನುಡಿಸುವವರ ಮನೆಯಲ್ಲಿರಲಿ. ಗಾಡಿಗೆ ಇಡುವ ಮುಂಚೆ ಕೇಳಿಕೊಂಡೆ:

“ಆಯುಧಪೂಜೆಗೆ ಇದಕ್ಕೆ ಕುಂಕುಮ ಇಡಬೇಡಿ.”

“ಅದೆಂಗಾಗ್ತದೆ? ನಮ್ಮನೆಯಾಕೆ ಬಿಡ್ತಾಳಾ? ಮನೇಲಿರೋ ಸುತ್ತಿಗೇನೂ ಬಿಡಲ್ಲ.”

ಮುಚ್ಚಳ ಇನ್ನೂ ನನ್ನ ಕೈಯಲ್ಲಿತ್ತು. ಸೆರಗಿನಿಂದ ಒರೆಸಿದೆ, ಬೊಟ್ಟಿನ ಕಲೆ ಹೋಗಲಿಲ್ಲ. ರಿಪೇರಿಯವರಿಗೆ ಕೊಟ್ಟು, “ಇದನ್ನ ಮೇಲೆ ಹಾಕಿಕೊಡಿ. ಅವರ ಮನೆಯವರು ಇದಕ್ಕೇ ಇಟ್ಕೊಳ್ಳಲಿ,” ಎಂದೆ.

ದುರ್ಗಕ್ಕೆ ಬಸ್ಸಿನಲ್ಲಿ ಒಬ್ಬಳೇ ಬಂದೆ. ಆರು ಗುಂಡಿನ ಪಿಕಪ್ ಈಗ ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿದೆ. ಯಾರೂ ಕೊಳ್ಳುವುದಿಲ್ಲವಂತೆ. ಮಾರುವ ಮನಸ್ಸು ನನಗೂ ಇಲ್ಲ.