ರೊಟ್ಟಿ ಪೆಟ್ಟಿಗೆಯ ಗಾಜು

ಹುಸೇನಪ್ಪನ ಕಣ್ಣಿಗೆ ಗಾಜು ಬೀಳಬಾರದು. ಬಿದ್ದರೆ ಹತ್ತಿರ ಹೋಗುತ್ತಾನೆ, ಹೋದರೆ ಬೆರಳ ಗೆಣ್ಣಿನಿಂದ ತಟ್ಟುತ್ತಾನೆ, ತಟ್ಟಿದ ಮೇಲೆ ಅದರ ಜಾತಕ ಹೇಳದೆ ಅಲ್ಲಿಂದ ಕದಲುವುದಿಲ್ಲ. ಇದು ಹೊಸ ತಿಪ್ಪಸಂದ್ರದ ಆ ವಠಾರಕ್ಕೆಲ್ಲ ಗೊತ್ತು. ಹೆಚ್ಚಾಗಿ ಗೊತ್ತಿರುವುದು ಅವನ ಹೆಂಡತಿ ಭೀಮಬಾಯಿಗೆ.

ಅವಳ ತಮ್ಮ ಬಸುವಿನ ನಿಶ್ಚಯದ ದಿನ, ಬೀಗರ ಮನೆಯಲ್ಲಿ ತಾಂಬೂಲ ಬದಲಾಯಿಸುವ ಹೊತ್ತಿಗೆ ಗಂಡ ಕಾಣಲಿಲ್ಲ. ಹುಡುಕಿದರೆ, ಟೀಪಾಯಿಯ ಮೇಲಿನ ಬಟ್ಟೆ ಎತ್ತಿ, ಕುಕ್ಕರಗಾಲಲ್ಲಿ ಕೂತು ಗಾಜಿನ ಅಂಚು ಸವರುತ್ತಿದ್ದ. "ಅಂಚು ಉಜ್ಜಿಲ್ಲ ನೋಡ್ರಿ, ಹುಡುಗ್ರು ಕೈ ಕೊಯ್ಕೋತಾವ" ಎಂದು ಬೀಗರಿಗೇ ಹೇಳಿದ. ಭೀಮಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತೆಗೆದರೆ ಬರಬಾರದ ಮಾತು ಬಂದೀತೆಂಬ ಭಯ.

ಗಂಡ ಹೆಂಡತಿ ಇಬ್ಬರೂ ಸುರಪುರದ ಕಡೆಯವರು. ಮೊದಲು ಬಂದದ್ದು ಕೆ.ಆರ್. ಪುರದ ಕಡೆ ರಸ್ತೆ ಕೆಲಸಕ್ಕೆ. ಡಾಂಬರಿನ ಬಿಸಿ ತಾಳದೆ ಹುಸೇನಪ್ಪ ಹಲಸೂರಿನ ಒಂದು ಗಾಜಿನ ಅಂಗಡಿಯಲ್ಲಿ ಹಾಳೆ ಹೊರುವ ಕೆಲಸಕ್ಕೆ ನಿಂತ. ಅಂಗಡಿಯ ಹಿರಿಯರು ಅವನ ಕೈ ನೋಡಿ ಕೊಯ್ಯುವುದನ್ನೂ ಕಲಿಸಿದರು. ಈಗ ಅವರ ಮಗ ವಸಂತ್ ಅಂಗಡಿ ನೋಡಿಕೊಳ್ಳುತ್ತಾನೆ. ಬೀರು, ಶೋಕೇಸು, ಊಟದ ಮೇಜು, ಯಾವುದಕ್ಕೆ ಗಾಜು ಬೇಕಾದರೂ ಅಲ್ಲಿ ಸಿಗುತ್ತದೆ. ಬಸುವೂ ಮೊನ್ನೆ ಮೊನ್ನೆ ಊರಿಂದ ಬಂದು ಅಲ್ಲೇ ಸೇರಿದ್ದ.

ಭೀಮಬಾಯಿಯ ಕೆಲಸ ರೊಟ್ಟಿಯದು. ಜೋಳದ ಖಡಕ್ ರೊಟ್ಟಿ ಬಡಿದು, ಶೇಂಗಾ ಹಿಂಡಿ, ಅಗಸೆ ಹಿಂಡಿ ಎಂಬ ಚಟ್ನಿಪುಡಿ ಕುಟ್ಟಿ, ಬುಟ್ಟಿಯಲ್ಲಿ ಹೊತ್ತು ವಿಮಾನಪುರದವರೆಗೂ ಹೋಗುತ್ತಿದ್ದಳು. ಬಾಡಿಗೆ ಕೋಣೆಗಳಲ್ಲಿರುವ ತಮ್ಮ ಕಡೆಯವರು ಅವಳ ದಾರಿ ಕಾಯುತ್ತಿದ್ದರು. ಆದರೆ ಮಹಡಿ ಹತ್ತಿ ಇಳಿದು ಮೊಣಕಾಲು ಹಿಡಿದುಕೊಂಡಿತ್ತು. ಒಂದೇ ಕಡೆ ಕೂತು ಮಾರಬೇಕು, ಬೇಕಾದವರು ಬಂದು ಕೊಳ್ಳಬೇಕು. ಅವಳ ಆಸೆ ಇಷ್ಟೇ.

ಮಾರ್ಕೆಟ್ ರಸ್ತೆಯಲ್ಲಿ ಮುನಿರಾಜಪ್ಪನವರ ಮನೆಯ ಮೆಟ್ಟಿಲ ಪಕ್ಕ ಒಂದು ಮೂಲೆ ಖಾಲಿ ಇತ್ತು. ಅಲ್ಲಿಯೇ ಹುಟ್ಟಿ ಬೆಳೆದ ಹಿರಿಯರು, ಮಾತು ಖಂಡತುಂಡ. "ನೋಡಮ್ಮಾ, ಜಾಗ ಕೊಡ್ತೀನಿ. ಆದ್ರೆ ಬುಟ್ಟಿ ಇಟ್ಕೊಂಡು ರೋಡ್ ಧೂಳೆಲ್ಲ ರೊಟ್ಟಿ ಮೇಲೆ ಕೂರಿಸ್ಕೊಂಡು ಮಾರೋದಾದ್ರೆ ಬೇಡ. ನೀಟಾಗಿ ಒಂದು ಗ್ಲಾಸಿನ ಬಾಕ್ಸ್ ಮಾಡಿಸು. ಮೊಬೈಲ್ ಕವರ್ ಮಾರೋನು ದಿನಾ ಬಂದು ಕೇಳ್ತಾವ್ನೆ. ಶ್ರಾವಣದ ಮೊದಲ್ನೇ ಶುಕ್ರವಾರ ನೀನು ಇಟ್ರೆ ಇಟ್ಟೆ, ಇಲ್ಲಾಂದ್ರೆ ಅವನ್ನ ಕರೆದ್ಬಿಡ್ತೀನಿ. ಆಮೇಲೆ ನನ್ ಕೇಳ್ಬೇಡ."

ಭೀಮಬಾಯಿಗೆ ನಗು ಬಂತು. ಗಾಜಿನ ಕೆಲಸದವನ ಹೆಂಡತಿಗೆ ಗಾಜಿನ ಪೆಟ್ಟಿಗೆ ಮಾಡಿಸು ಎನ್ನುವುದೂ ಒಂದು ಷರತ್ತೇ ಎಂದುಕೊಂಡಳು.

ಬಡಗಿ ವಾರದೊಳಗೆ ಪ್ಲೈವುಡ್ಡಿನ ಪೆಟ್ಟಿಗೆ ಮಾಡಿಕೊಟ್ಟ. ಮೇಲೆ ಮುಚ್ಚಳ, ಮುಂದೆ ಗಾಜು ಜಾರಿಸಲು ಸಂದು. ಆಮೇಲೆ ಆ ಸಂದು ಹಾಗೆಯೇ ಬಾಯಿ ತೆರೆದುಕೊಂಡು ಉಳಿಯಿತು.

"ಏನ್ರೀ, ಗ್ಲಾಸ ಯಾವಾಗ ತರ್ತೀರಿ?"

"ತರಬೋದು. ಆದ್ರ ಯಾವ ಗ್ಲಾಸಂತ ತರ್ಲಿ?"

"ಆ ಕಡಿಂದ ನೋಡಿದ್ರ ಈ ಕಡಿಂದು ಕಾಣೋ ಗ್ಲಾಸ."

ಹುಸೇನಪ್ಪ ಹೆಂಡತಿಯನ್ನು ಕನಿಕರದಿಂದ ನೋಡಿದ. "ಹಂಗಲ್ಲ ಭೀಮೀ. ಸಾದಾ ಗ್ಲಾಸಿನ ಅಂಚ ನೋಡು, ಹಸರ ಇರ್ತದ. ಅದರಾಗಿಂದ ನೋಡಿದ್ರ ನಿನ್ನ ರೊಟ್ಟಿ ಬೂಸು ಹಿಡದಂಗ ಕಾಣ್ತಾವ."

"ಅಂಚಿನಾಗಿಂದ ರೊಟ್ಟಿ ಯಾರ ನೋಡ್ತಾರ? ಮುಂದಿಂದ ನೋಡ್ತಾರ."

"ನಿನಗ ತಿಳಿಯಂಗಿಲ್ಲ."

ಹಸಿರಿಲ್ಲದ ಗಾಜೂ ಒಂದಿತ್ತು. ಕೆಸರು ತಳಕ್ಕಿಳಿದ ಮೇಲಿನ ನೀರಿನಂತೆ ತಿಳಿ, ಮಧ್ಯೆ ಗಾಜಿದೆ ಎಂಬುದೇ ಗೊತ್ತಾಗುವುದಿಲ್ಲ, ಎಂದು ಅವನು ಅದರ ಗುಣಗಾನ ಮಾಡುವಾಗ ಅವಳಿಗೂ ಆಸೆ ಹುಟ್ಟಿತು. ಅದು ಇಂದಿರಾನಗರದ ದೊಡ್ಡ ಮನೆಗಳಿಗೆ ಹೋಗುವ ಮಾಲು, ಅಲ್ಲಿ ಯಾವುದಾದರೂ ಮನೆಯಲ್ಲಿ ತುಂಡು ಉಳಿದರೆ ತರುತ್ತೇನೆ ಎಂದ. ತುಂಡು ಉಳಿಯಲಿಲ್ಲ. ಒಮ್ಮೆ ಉಳಿದದ್ದು ಅಂಗೈಯಗಲ. ಅದನ್ನು ತಂದು ತೋರಿಸಿ, "ನೋಡು, ಇದ ನೋಡು ಗುಣ ಅಂದ್ರ" ಎಂದು ಬೆಳಕಿಗೆ ಹಿಡಿದ. ಭೀಮಬಾಯಿ ಅದನ್ನು ಹಿಂಡಿಯ ಡಬ್ಬಿಗೆ ಮುಚ್ಚಳ ಮಾಡಿದಳು.

ಮುಂದೆ ಟಫನ್ ಗಾಜಿನ ಸರದಿ. ಭಟ್ಟಿಯಲ್ಲಿ ಕಾಯಿಸಿ ಗಟ್ಟಿ ಮಾಡಿದ ಗಾಜು. ಒಡೆದರೆ ಕಲ್ಲುಸಕ್ಕರೆಯ ಪುಡಿಯಂತೆ ಉದುರುತ್ತದೆ, ಕೈ ಕೊಯ್ಯುವುದಿಲ್ಲ.

"ಹಂಗಾರ ಅದನ್ನ ತರ್ರಿ!"

"ತಂದ ಮ್ಯಾಲೆ ಕೂದಲೆಳಿಯಷ್ಟು ಹೆಚ್ಚಾದ್ರೂ ಕೊಯ್ಯಾಕ ಬರಂಗಿಲ್ಲ. ಕೊಯ್ಯಾಕ ಹೋದ್ರ ಇಡೀ ಗ್ಲಾಸ ಪುಡಿ. ಮೊದಲ ಅಳತಿ ಖಾತ್ರಿ ಆಗ್ಬೇಕು. ಬಡಗ್ಯಾ ಮಾಡಿದ ಪೆಟ್ಟಿಗಿ ಒಂದ್ ಮೂಲಿ ಸೊಟ್ಟ ಅದ. ಅದನ್ನ ಸರಿ ಮಾಡಿಸಿ, ಆಮ್ಯಾಲ ಅಳತಿ ಕೊಟ್ಟು, ಭಟ್ಟಿಗಿ ಕಳಸಿ…"

ಸೊಟ್ಟ ಮೂಲೆಯನ್ನು ಬಡಗಿ ಬಂದು ನೋಡಿ, "ಇದು ಸೊಟ್ಟಾನಾ? ನಿಮ್ ಯಜಮಾನ್ರ ಕಣ್ಣು ಸೊಟ್ಟ ಕಣಮ್ಮಾ" ಎಂದು ಹೋದ.

ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು ಇನ್ನೊಂದು. ಒಡೆದರೂ ಚೂರು ಕೆಳಗೆ ಬೀಳುವುದಿಲ್ಲ. "ನಾ ಏನ್ ಬಂಗಾರ ಮಾರ್ಲಾಕತ್ತೀನಿ?" ಎಂದಳು ಭೀಮಬಾಯಿ. ಮಸುಕು ಗಾಜಿನ ಹೆಸರನ್ನು ಅವನು ಎತ್ತಿದ ಕೂಡಲೇ, "ಬಚ್ಚಲಕ್ಕ ಹಾಕೋದನ್ನ ರೊಟ್ಟಿಗಿ ಹಾಕ್ತೀರಾ?" ಎಂದು ಲಟ್ಟಣಿಗೆ ಎತ್ತಿದಳು. ಅದರ ಮಾತು ಅಲ್ಲಿಗೆ ನಿಂತಿತು.

ಶ್ರಾವಣ ಹುಟ್ಟಿತು. ಮೊಬೈಲ್ ಕವರಿನವನು ಮುನಿರಾಜಪ್ಪನವರ ಮೂಲೆಗೆ ಬಂದು ಗೋಡೆಗೆ ಮೊಳೆ ಎಲ್ಲೆಲ್ಲಿ ಹೊಡೆಯಬೇಕೆಂದು ಬೆರಳಿನಿಂದ ಗುರುತು ಹಾಕುತ್ತಿದ್ದುದನ್ನು ಭೀಮಬಾಯಿ ಕಣ್ಣಾರೆ ಕಂಡಳು. ಅಂದು ರೊಟ್ಟಿ ಬಡಿಯುವ ಸದ್ದು ಪಕ್ಕದ ಮನೆಯವರಿಗೂ ಜೋರಾಗಿಯೇ ಕೇಳಿಸಿತು.

ಮರುದಿನ ಬುಧವಾರ. ಗಂಡ ಇಂದಿರಾನಗರದ ಕೆಲಸಕ್ಕೆ ಹೋಗಿದ್ದ. ಅವಳು ಬಡಗಿ ಬರೆದುಕೊಟ್ಟ ಅಳತೆ ಹಿಡಿದು ನೇರ ಹಲಸೂರಿಗೆ, ಗಂಡನ ಅಂಗಡಿಗೇ ಹೋದಳು.

"ಏನಕ್ಕಾ, ನೀವು ಇಲ್ಲಿ?" ಎಂದ ವಸಂತ್.

"ಗಿರಾಕಿ ಆಗಿ ಬಂದೀನಿ. ಒಂದ್ ಗ್ಲಾಸ ಬೇಕು. ಯಾವ ಗ್ಲಾಸಂತ ನನ್ನ ಕೇಳಬ್ಯಾಡ. ಕೇಳಿದ್ರ ಇಲ್ಲೇ ಕೂತು ಅಳ್ತೀನಿ."

ವಸಂತ್ ನಕ್ಕು, "ಅಣ್ಣ ಮನೇಲೂ ಶುರು ಮಾಡ್ತಾರಾ? ಬಿಡಿ ಅಕ್ಕಾ, ಐದು ಎಂ.ಎಂ. ಹಾಕಿಸ್ತೀನಿ, ಸಾಕು" ಎಂದವನು ಒಳಗೆ ತಿರುಗಿ ಅಳತೆ ಹೇಳಿ ಕೂಗಿದ: "ಬಸೂ, ಅಕ್ಕಂಗೆ ಐದು ಎಂ.ಎಂ. ಕಣ್ಣಾಡಿ ಒಂದು ಕಟ್ ಮಾಡು, ಸೀಕ್ರಂ!"

ವಸಂತ್‌ನ ಮನೆಮಾತು ತಮಿಳು. ಅವರಲ್ಲಿ ಕಿಟಕಿಯ ಗಾಜೂ ಕಣ್ಣಾಡಿಯೇ, ಮುಖ ನೋಡಿಕೊಳ್ಳುವುದೂ ಕಣ್ಣಾಡಿಯೇ. ಹುಸೇನಪ್ಪ ಇದ್ದಿದ್ದರೆ ಯಾವುದೆಂದು ಕೇಳುತ್ತಿದ್ದ. ಅವನು ಕೇಳದೆ ಬಿಡುವ ಮನುಷ್ಯನೇ ಅಲ್ಲ. ಒಳಗಿದ್ದವನು ಬಸು. ಅವನಿಗೆ ಗೊತ್ತಿದ್ದದ್ದು ಒಂದೇ ಕನ್ನಡಿ.

ಗುರುವಾರ ಬಸು ಅದನ್ನು ರಟ್ಟು, ಪೇಪರು ಸುತ್ತಿ, ದಾರ ಬಿಗಿದು ಆಟೋದಲ್ಲಿ ತಂದಿಟ್ಟ. ಭೀಮಬಾಯಿ ಬಿಚ್ಚಲಿಲ್ಲ. ಬಿಚ್ಚಿದರೆ ಗಂಡ ತಟ್ಟುತ್ತಾನೆ, ತಟ್ಟಿದರೆ ಶುಕ್ರವಾರ ಮುಗಿಯುತ್ತದೆ. ಚಾಪೆಯ ಹಿಂದೆ ಅಡಗಿಸಿಟ್ಟಳು. "ನಿನ್ನ ಭಾವ ತಿಂಗಳುಗಟ್ಟಲೆ ಮಾಡಲಾರದ್ದು ನನ್ನ ತಮ್ಮ ಒಂದ್ ದಿನದಾಗ ಮಾಡ್ಯಾನ" ಎಂದು ಅವನಿಗೆ ಎರಡು ರೊಟ್ಟಿ ಹೆಚ್ಚಿಗೆ ಬಡಿಸಿದಳು.

ಶುಕ್ರವಾರ ಬೆಳಿಗ್ಗೆ ಪೆಟ್ಟಿಗೆ ಮೂಲೆಗೆ ಬಂತು. ರಂಗೋಲಿ ಹಾಕಿ, ಪೆಟ್ಟಿಗೆಗೆ ಕುಂಕುಮ ಹಚ್ಚಿ, ಒಳಗೆ ರೊಟ್ಟಿ ಜೋಡಿಸಿದಳು. ಮುನಿರಾಜಪ್ಪನವರು ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು ಬಂದು ನಿಂತರು. ಸ್ವಲ್ಪ ದೂರದಲ್ಲಿ ಮೊಬೈಲ್ ಕವರಿನವನೂ ನಿಂತಿದ್ದ. ಕೆಲಸಕ್ಕೆ ಹೊರಟಿದ್ದ ಹುಸೇನಪ್ಪ ಚೀಲ ಹೆಗಲಿಗೆ ಹಾಕಿಕೊಂಡೇ ಬಂದ. "ನೋಡ್ರಿ ಈಗ" ಎಂದು ಭೀಮಬಾಯಿ ಗಂಡನಿಗೆ ಹೇಳಿದಳು. ಬಸು ದಾರ ಕತ್ತರಿಸಿ, ಪೇಪರು ಕಿತ್ತು, ಗಾಜನ್ನು ಸಂದಿನಲ್ಲಿ ಜಾರಿಸಿದ.

ರೊಟ್ಟಿ ಮಾಯವಾಯಿತು. ರಸ್ತೆ ಕಾಣಿಸಿತು, ಆಟೋ ಕಾಣಿಸಿತು, ನಡುವೆ ವಿಭೂತಿ ಇಟ್ಟ ಮುನಿರಾಜಪ್ಪನವರು ಕಾಣಿಸಿದರು. ಅವರ ಕೈ ತಾನಾಗಿ ಮೇಲೆ ಹೋಗಿ ಮೀಸೆ ಸರಿಪಡಿಸಿತು. ಆಮೇಲೆ ಸಿಟ್ಟು ಬಂತು.

"ಏನಮ್ಮಾ ಇದು? ನಾನು ರೊಟ್ಟಿ ಅಂಗ್ಡಿಗೆ ಜಾಗ ಕೊಟ್ನಾ, ಕಟಿಂಗ್ ಶಾಪ್‌ಗೆ ಕೊಟ್ನಾ?"

ಮೊಬೈಲ್ ಕವರಿನವನು ಆಗಲೇ ಹತ್ತಿರ ಬಂದು ತಲೆ ಬಾಚಿಕೊಳ್ಳುತ್ತಿದ್ದ.

ಭೀಮಬಾಯಿ ತಮ್ಮನ ಕಡೆ ತಿರುಗಿದಳು. ಬಸು ಹಿಂದೆ ಹೆಜ್ಜೆ ಇಟ್ಟ. "ನಾ ಏನ್ ಮಾಡ್ಲಿ ಅಕ್ಕಾ? ಸಾವ್ಕಾರ ಕನ್ನಡಿ ಅಂದ, ಕನ್ನಡಿ ಕೊಯ್ದೆ."

"ರೊಟ್ಟಿ ಪೆಟ್ಟಿಗಿಗಿ ಕನ್ನಡಿ ಹಾಕ್ತಾರೇನೋ, ಹೇತ್ಲಾಂಡಿ!"

"ಪ್ಯಾಟಿಯಾಗ ಹಂಗ ಇರ್ತದ ಅನ್ಕೊಂಡೆ."

ಹುಸೇನಪ್ಪ ಬೆರಳಿನಿಂದ ಕನ್ನಡಿಯನ್ನು ಮೆಲ್ಲಗೆ ತಟ್ಟಿದ. ಕಿವಿಗೊಟ್ಟು ಕೇಳಿದ. "ಕನ್ನಡಿ ಚಲೋ ಅದ. ಐದು ಎಂ.ಎಂ. ಕೊಯ್ದದ್ದೂ ಸೀದಾ ಅದ. ನಿನ್ನ ತಮ್ಮ ಅಲ್ಲೇನ ಮತ್ತ!" ಎಂದ.

ಮೊಣಕಾಲು, ಮಹಡಿ, ಬುಟ್ಟಿ, ಎಲ್ಲ ಮತ್ತೆ ಭೀಮಬಾಯಿಯ ಮುಂದೆ ಬಂದು ನಿಂತವು. "ಯಜಮಾನ್ರ, ಒಂದ್ ತಾಸು ನಿಲ್ರಿ. ನಿಮ್ಮ ಕಾಲು ಹಿಡೀತೀನಿ" ಎಂದು ಮುನಿರಾಜಪ್ಪನವರಿಗೆ ಹೇಳಿ, ಬಸುವಿನ ಅಂಗಿ ಹಿಡಿದು ಎಳೆದುಕೊಂಡು ಮನೆಗೆ ನಡೆದಳು.

ಅವರ ಕೋಣೆಯಲ್ಲಿ ಒಂದು ಶೋಕೇಸು ಇತ್ತು. ಶಿವಾಜಿನಗರದ ಹಳೆ ಸಾಮಾನಿನ ಅಂಗಡಿಯಿಂದ ತಂದದ್ದು. ಅದರ ಜಾರುವ ಗಾಜುಗಳನ್ನು ಹುಸೇನಪ್ಪ ಕೆಲಸ ಕಲಿತ ಹೊಸದರಲ್ಲಿ ತಾನೇ ಕೊಯ್ದು ಕೂರಿಸಿದ್ದ. ಸಾದಾ ಗಾಜು, ಅಂಚು ಹಸಿರು, ಒಂದರ ಮೂಲೆಯಲ್ಲಿ ಅಕ್ಕಿ ಕಾಳಿನಷ್ಟು ಚಕ್ಕೆ ಎದ್ದಿತ್ತು. ಅದರ ಹಿಂದೆ ಅವಳ ಮದುವೆಯ ಹಿತ್ತಾಳೆ ತಂಬಿಗೆಗಳು ಫಳಫಳ ಹೊಳೆಯುತ್ತಿದ್ದವು. ಆ ಗಾಜನ್ನೇ ಸರಿಸಿ ಹೊರಗೆಳೆದಳು.

ಅದು ಪೆಟ್ಟಿಗೆಗಿಂತ ಗೇಣುದ್ದ ಹೆಚ್ಚಿತ್ತು.

ಬಸುವಿನ ಕೈಯಲ್ಲಿ ಹೊರಿಸಿ ತಂದು, ಮುನಿರಾಜಪ್ಪನವರ ಮೆಟ್ಟಿಲ ಮೇಲೆ ಗೋಣಿ ಹಾಸಿ ಅದನ್ನು ಗಂಡನ ಮುಂದೆ ಇಟ್ಟಳು. "ಕೊಯ್ರಿ."

"ಇದು ಹಳೇದು, ಭೀಮೀ. ಅಂಚು ಹಸರ, ಮೂಲ್ಯಾಗ ಚಕ್ಕಿ…"

"ಟಫನ್ ಏನು ಇದು?"

"ಅಲ್ಲ."

"ಕೊಯ್ಯಾಕ ಬರ್ತದಿಲ್ಲೋ?"

"ಬರ್ತದ."

"ಹಂಗಾರ ಕೊಯ್ರಿ. ಇಲ್ಲಂದ್ರ ಆ ಪೆಟ್ಟಿಗ್ಯಾಗ ನಿಮ್ಮನ್ನ ಕೂಡಿಸಿ ಮುಚ್ಚಳ ಹಾಕ್ತೀನಿ, ನೋಡವರು ನೋಡ್ಲಿ."

ಮುನಿರಾಜಪ್ಪನವರು ಕೆಮ್ಮಿದರು. ಹುಸೇನಪ್ಪ ಚೀಲದಿಂದ ಕೊಯ್ಯುವ ಚಕ್ರ ತೆಗೆದು ಸೀಮೆಎಣ್ಣೆಗೆ ಅದ್ದಿದ. ಪಟ್ಟಿ ಇಟ್ಟು ಉಸಿರು ಬಿಗಿಹಿಡಿದ. ಕರ್ರೆಂದು ಒಂದೇ ಗೆರೆ ಎಳೆದ. ಗಾಜನ್ನು ಮೆಟ್ಟಿಲ ಅಂಚಿಗೆ ತಂದು ಕೈಯಿಂದ ಒತ್ತಿದ. ಪಟ್ಟೆಂದು ಕಳಚಿ ಬಿತ್ತು ಹೆಚ್ಚಿನ ತುಂಡು. ಸಾಣೆಕಲ್ಲಿಗೆ ನೀರು ಹಾಕಿ ಅಂಚು ಉಜ್ಜಿ, ಸಂದಿನಲ್ಲಿ ಜಾರಿಸಿದ. ಎದುರಿನ ಅಂಗಡಿಯಲ್ಲಿ ಒಲೆಗಿಟ್ಟ ಚಹಾ ಇನ್ನೂ ಕುದಿದಿರಲಿಲ್ಲ.

"ಇಷ್ಟ ಇತ್ತಾ ಕೆಲಸ?" ಎಂದಳು ಭೀಮಬಾಯಿ. ಧ್ವನಿ ಮೇಲೆ ಏಳಲಿಲ್ಲ. ಸಿಟ್ಟು ಅದನ್ನೂ ದಾಟಿ ಹೋಗಿತ್ತು. "ಇಷ್ಟಕ್ಕ ನನ್ನ ಇಷ್ಟು ದಿನ ತಿಂದ್ರಿ?"

ಹುಸೇನಪ್ಪನಿಗೆ ಅದು ಕೇಳಿಸಲಿಲ್ಲ. ಅವನು ಬಸುವಿನ ಕನ್ನಡಿಯ ಅಂಚನ್ನು ಬೆರಳಗಲ ಕೊಯ್ದು ತೆಗೆದು, ಪೆಟ್ಟಿಗೆಯೊಳಗೆ ಹಿಂದಿನ ಹಲಗೆಗೆ ಒರಗಿಸುತ್ತಿದ್ದ. ಸರಿದು ನಿಂತ. ರೊಟ್ಟಿಯ ಒಂದು ರಾಶಿ ಎರಡಾಗಿ ಕಂಡಿತು. ಪೆಟ್ಟಿಗೆ ತುಂಬಿ ತುಳುಕುವ ಹಾಗಿತ್ತು.

ಮುನಿರಾಜಪ್ಪನವರು ಬಗ್ಗಿ ನೋಡಿದರು. ರೊಟ್ಟಿಯ ಹಿಂದೆ ತಮ್ಮ ಮೀಸೆಯೂ ಕಂಡದ್ದರಿಂದ ಇನ್ನೊಮ್ಮೆ ನೋಡಿದರು. "ಹಾಂ, ಹಿಂಗ್ ಮಾಡು ಅಂತ ತಾನೇ ನಾನು ಹೇಳಿದ್ದು? ಕೊಡಮ್ಮಾ ಎರಡು ರೊಟ್ಟಿ, ಬೋಣಿ ನಂದೇ ಆಗ್ಲಿ" ಎಂದರು. ಮೊಬೈಲ್ ಕವರಿನವನು ಬಾಚಣಿಗೆ ಜೇಬಿಗೆ ಹಾಕಿಕೊಂಡು ಹೋದ.

ಆ ಮೂಲೆಯಲ್ಲಿ ಭೀಮಬಾಯಿಯ ಅಂಗಡಿ ಈಗಲೂ ಇದೆ. ಬುಟ್ಟಿ ಅಟ್ಟ ಸೇರಿದೆ. ಸಂಜೆ ಕೆಲಸ ಬಿಟ್ಟು ಬರುವ ಹುಸೇನಪ್ಪ ಪೆಟ್ಟಿಗೆಯ ಪಕ್ಕ ನಿಲ್ಲುತ್ತಾನೆ. ರೊಟ್ಟಿ ಕೊಳ್ಳಲು ಬಂದವರಿಗೆ, "ಇದು ಸದ್ಯಕ್ಕ ಹಾಕಿದ ಗ್ಲಾಸ್ರಿ. ಹಸರಿಲ್ಲದ್ದು ಒಂದು ಬರೂದದ" ಎನ್ನುತ್ತಾನೆ. "ಏನ್ ಹಸಿರು? ಚೆನ್ನಾಗೇ ಇದೆಯಲ್ರೀ" ಎಂದು ಅವರು ಹಿಂಡಿಯ ಪೊಟ್ಟಣ ಎತ್ತಿಕೊಳ್ಳುತ್ತಾರೆ. ಆಗ ಅವನು ಅಂಚು ತೋರಿಸಲು ಬಗ್ಗುತ್ತಾನೆ. ಭೀಮಬಾಯಿ ಸೌಟಿನ ಹಿಡಿಯಿಂದ ಅವನ ಕೈ ತಟ್ಟಿ ಹಿಂದಕ್ಕೆ ಸರಿಸುತ್ತಾಳೆ.

ಮನೆಯ ಶೋಕೇಸಿಗೆ ಒಂದು ಕಡೆ ಗಾಜಿಲ್ಲ. ಅಲ್ಲಿ ಹಳೆ ಸೀರೆಯ ತುಂಡು ಇಳಿಬಿಟ್ಟಿದೆ. ಯಾವ ಗಾಜು ಹಾಕುವುದು ಎಂದು ಹುಸೇನಪ್ಪ ವಿಚಾರ ಮಾಡುತ್ತಿದ್ದಾನೆ. ಹೋದ ವಾರ ಭೀಮಬಾಯಿ ಆ ತುಂಡನ್ನು ಬಿಚ್ಚಿ, ಒಗೆದು, ಒಣಗಿಸಿ, ಮತ್ತೆ ಅದೇ ಮೊಳೆಗೆ ಸಿಕ್ಕಿಸಿದಳು.